ಸ್ಪ್ರಿಂಗ್ ಬಿಗಿ ಮಾಡಿದರೆ ನಿಲ್ಲುತ್ತದೆ, ಸಡಿಲಿಸಿದರೆ ಸೋರುತ್ತದೆ

ಪ್ರಶ್ನೆ: ಮಿನಿ ಲೇತ್‌ನಲ್ಲಿ ಮೊದಲ ಬಾರಿಗೆ ಒಂದು ಉಗಿ ಎಂಜಿನ್ ಮಾಡಿದ್ದೇನೆ. ಸಿಲಿಂಡರೇ ತೂಗಾಡುವ ಆಸಿಲೇಟಿಂಗ್ ಮಾದರಿ, ಸಿಂಗಲ್ ಆಕ್ಟಿಂಗ್ (ಪಿಸ್ಟನ್ನಿನ ಒಂದೇ ಕಡೆಗೆ ಒತ್ತಡ ಬೀಳುವಂಥದ್ದು). ಬೋರ್ (ಸಿಲಿಂಡರಿನ ಒಳವ್ಯಾಸ) 10 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 20 ಮಿ.ಮೀ., ಸಿಲಿಂಡರ್ ತೂಗುವ ಪಿವಟ್‌ನಿಂದ ಶಾಫ್ಟ್‌ಗೆ 40 ಮಿ.ಮೀ., ಪಿವಟ್‌ನಿಂದ ಪೋರ್ಟ್‌ಗೆ (ಗಾಳಿ, ಉಗಿ ಹಾಯುವ ರಂಧ್ರಕ್ಕೆ) 12 ಮಿ.ಮೀ. ಸಿಲಿಂಡರ್ ಹಿತ್ತಾಳೆ, ಪಿಸ್ಟನ್ ಸ್ಟೇನ್‌ಲೆಸ್ ಸ್ಟೀಲ್, ಸಿಲಿಂಡರ್ ಒರಗಿ ತೂಗುವ ನಿಲುಗಂಬ 6 ಮಿ.ಮೀ. ಅಲ್ಯೂಮಿನಿಯಂ. ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿ ಅನ್ನಿಸುತ್ತದೆ. ಕಂಪ್ರೆಸರ್‌ನಿಂದ 2 ಬಾರ್ ಗಾಳಿ ಕೊಟ್ಟರೆ ಅರ್ಧ ನಿಮಿಷ ಓಡಿ ನಿಲ್ಲುತ್ತದೆ. ಸಿಲಿಂಡರ್‌ಗೂ ನಿಲುಗಂಬಕ್ಕೂ ನಡುವೆ ಗಾಳಿ ಸೋರುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಸೋರಿಕೆ ನಿಲ್ಲುತ್ತದೆ, ಜೊತೆಗೆ ಎಂಜಿನ್ನೂ ನಿಲ್ಲುತ್ತದೆ. ಉಗಿಯ ಒತ್ತಡ ಜಾಸ್ತಿ ಇರುತ್ತದಲ್ಲ, ಬಾಯ್ಲರ್‌ಗೆ ಜೋಡಿಸಿದರೆ ಓಡೀತೇ?

ಉತ್ತರ: ಬಾಯ್ಲರ್‌ಗೆ ಈಗಲೇ ಜೋಡಿಸಬೇಡಿ. ಈ ಅಳತೆಯ ಎಂಜಿನ್ ಸರಿಯಾಗಿದ್ದರೆ 0.3 ಬಾರ್ ಗಾಳಿಗೇ ಓಡಬೇಕು. ಚೆನ್ನಾಗಿ ಕೂತದ್ದಾದರೆ ರಬ್ಬರ್ ನಳಿಕೆಯಲ್ಲಿ ಬಾಯಿಂದ ಊದಿದರೂ ನಾಲ್ಕಾರು ಸುತ್ತು ತಿರುಗುತ್ತದೆ. 2 ಬಾರ್ ಬೇಡುತ್ತಿದೆ ಎಂದರೆ ಶಕ್ತಿಯೆಲ್ಲ ತಿಕ್ಕಾಟಕ್ಕೂ ಸೋರಿಕೆಗೂ ಹೋಗುತ್ತಿದೆ. ಒತ್ತಡ ಏರಿಸಿದರೆ ದೋಷ ಮುಚ್ಚಿಹೋಗುತ್ತದೆಯೇ ಹೊರತು ಸರಿಯಾಗುವುದಿಲ್ಲ. ಮೇಲಾಗಿ ಉಗಿ ಕೊಟ್ಟಾಗ ಎಣ್ಣೆ ತೊಳೆದುಹೋಗುತ್ತದೆ, ಲೋಹ ಹಿಗ್ಗುತ್ತದೆ. ಗಾಳಿಯಲ್ಲಿ ಒದ್ದಾಡುವ ಎಂಜಿನ್ ಉಗಿಯಲ್ಲಿ ಇನ್ನೂ ಒದ್ದಾಡುತ್ತದೆ.

ಸ್ಪ್ರಿಂಗ್‌ನದು ಎಷ್ಟು ಪಾಲು ಎಂದು ಲೆಕ್ಕ ಹಾಕಿ ನೋಡೋಣ. 10 ಮಿ.ಮೀ. ಪಿಸ್ಟನ್ನಿನ ಮುಖ 78.5 ಚದರ ಮಿ.ಮೀ. 0.3 ಬಾರ್ ಒತ್ತಡದಲ್ಲಿ 20 ಮಿ.ಮೀ. ಸರಿದಾಗ ಸಿಗುವ ಕೆಲಸ ಒಂದು ಸುತ್ತಿಗೆ ಸುಮಾರು 47 ಮಿಲಿಜೂಲ್. ಸಿಲಿಂಡರ್ ಮಧ್ಯರೇಖೆಯಿಂದ ಎರಡೂ ಕಡೆಗೆ 14.5 ಡಿಗ್ರಿ ತೂಗುತ್ತದೆ, ಅಂದರೆ ಒಂದು ಸುತ್ತಿಗೆ ಒಟ್ಟು 58 ಡಿಗ್ರಿಯಷ್ಟು ಉಜ್ಜಾಟ. ಎಣ್ಣೆ ಹಾಕಿದ ಮುಖಗಳ ಘರ್ಷಣೆ ಗುಣಾಂಕ 0.15, ಉಜ್ಜುವ ಜಾಗದ ಸರಾಸರಿ ತ್ರಿಜ್ಯ 10 ಮಿ.ಮೀ. ಎಂದು ಹಿಡಿಯಿರಿ. ಸ್ಪ್ರಿಂಗ್ 5 ನ್ಯೂಟನ್ ಒತ್ತಿದರೆ ಒಂದು ಸುತ್ತಿಗೆ 7.6 ಮಿಲಿಜೂಲ್ ಖರ್ಚು, ಬಂದದ್ದರಲ್ಲಿ ಆರನೇ ಒಂದು ಪಾಲು. ಅದೇ 20 ನ್ಯೂಟನ್ ಆದರೆ 30 ಮಿಲಿಜೂಲ್ ಅಲ್ಲೇ ಹೋಗುತ್ತದೆ. ಪಿಸ್ಟನ್, ಬೇರಿಂಗ್‌ಗಳಿಗೆ ಉಳಿಯುವುದು ಮೂರನೇ ಒಂದು ಪಾಲು. ನಟ್ ತಿರುವಿದಷ್ಟೂ ಎಂಜಿನ್‌ಗೆ ಉಳಿಯುವ ಶಕ್ತಿ ಕಡಿಮೆಯಾಗುವುದು ಇದಕ್ಕೇ.

ಹಾಗಾದರೆ ಎಷ್ಟು ಬೇಕು? ಪೋರ್ಟ್ 2.5 ಮಿ.ಮೀ. ಎಂದು ಹಿಡಿದರೆ ಅದರ ವಿಸ್ತೀರ್ಣ 4.9 ಚದರ ಮಿ.ಮೀ. 2 ಬಾರ್‌ನಲ್ಲಿ ಅದು ಸಿಲಿಂಡರನ್ನು ಹೊರಕ್ಕೆ ತಳ್ಳುವ ಬಲ 1 ನ್ಯೂಟನ್ ಮಾತ್ರ. ಆದರೆ ಸ್ಪ್ರಿಂಗ್ ಹಿಡಿದಿರುವುದು ಪಿವಟ್‌ನಲ್ಲಿ, ತಳ್ಳಾಟ ಇರುವುದು ಅಲ್ಲಿಂದ 12 ಮಿ.ಮೀ. ದೂರದಲ್ಲಿ. ಮುಖದ ಇನ್ನೊಂದು ಅಂಚೂ ಪಿವಟ್‌ನಿಂದ 12 ಮಿ.ಮೀ. ದೂರದಲ್ಲಿದ್ದರೆ ಆ ಅಂಚಿನ ಮೇಲೆ ಸಿಲಿಂಡರ್ ಮಗುಚದಂತೆ ತಡೆಯಲು 2 ನ್ಯೂಟನ್ ಬೇಕು. ಮುಖಗಳ ನಡುವೆ ನುಸುಳುವ ಗಾಳಿ ಸ್ವಲ್ಪ ಅಗಲಕ್ಕೆ ಹರಡುತ್ತದೆ, ಅದಕ್ಕೆ ಇನ್ನೊಂದಷ್ಟು. 4ರಿಂದ 5 ನ್ಯೂಟನ್ ಇದ್ದರೆ ಸಾಕೋ ಸಾಕು. ಅಳೆಯುವುದು ಸುಲಭ: ಸ್ಪ್ರಿಂಗನ್ನು ಅಡುಗೆಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ, ಎಂಜಿನ್‌ನಲ್ಲಿ ಇರುವಷ್ಟೇ ಉದ್ದಕ್ಕೆ ಒತ್ತಿ, 400ರಿಂದ 500 ಗ್ರಾಂ ತೋರಿಸಬೇಕು. ಗಿಡ್ಡ, ಗಡಸು ಸ್ಪ್ರಿಂಗ್ ಬೇಡ. ಮಿ.ಮೀ.ಗೆ 8 ನ್ಯೂಟನ್ ಏರುವ ಸ್ಪ್ರಿಂಗ್‌ನಲ್ಲಿ ಎಂ3 ನಟ್ಟನ್ನು ಒಂದು ಸುತ್ತು ತಿರುವಿದರೆ ಒಮ್ಮೆಲೇ 4 ನ್ಯೂಟನ್ ಏರುತ್ತದೆ, ಏಕೆಂದರೆ ಎಂ3 ಥ್ರೆಡ್ಡಿನ ಪಿಚ್ 0.5 ಮಿ.ಮೀ. ಮಿ.ಮೀ.ಗೆ 1 ನ್ಯೂಟನ್‌ನ ಮೃದು ಸ್ಪ್ರಿಂಗ್ ಹಾಕಿ 5 ಮಿ.ಮೀ. ಒತ್ತಿದರೆ ಅದೇ ಒಂದು ಸುತ್ತಿಗೆ ಅರ್ಧ ನ್ಯೂಟನ್ ಮಾತ್ರ ವ್ಯತ್ಯಾಸ. ಹೊಂದಿಸುವುದಕ್ಕೆ ಕೈಗೆ ಸಿಗುತ್ತದೆ.

5 ನ್ಯೂಟನ್‌ನಲ್ಲಿ ಸೋರಿದರೆ ತಪ್ಪು ಸ್ಪ್ರಿಂಗ್‌ನದಲ್ಲ, ಮುಖಗಳು ಸಪಾಟಾಗಿ ಕೂತಿಲ್ಲ. ಅದರ ಜೊತೆಗೆ ಎರಡು ಕಡೆ ಬಿಗಿ ಎಂದಿದ್ದೀರಿ. ಎರಡಕ್ಕೂ ಮೂಲ ಒಂದೇ ಇರುವ ಸಂಭವ ಹೆಚ್ಚು: ಎಲ್ಲೋ ಒಂದು ಪಿನ್ ಲಂಬವಾಗಿಲ್ಲ. ಯಾವುದು ಎಂದು ಗೊತ್ತಾಗಬೇಕಾದರೆ ಪೂರ್ತಿ ಬಿಚ್ಚಿ, ಒಂದೊಂದೇ ಭಾಗ ಸೇರಿಸುತ್ತಾ ಬರಬೇಕು. ಜೋಡಿಸಿದ ಎಂಜಿನ್ ಮುಂದೆ ಕೂತು ಅಲ್ಲಿ ಇಲ್ಲಿ ಅರ ಹಾಕುವುದು ಕೆಲಸ ಕೆಡಿಸುವ ದಾರಿ.

ಮೊದಲು ಶಾಫ್ಟ್, ಕ್ರ್ಯಾಂಕ್ ಡಿಸ್ಕ್, ಫ್ಲೈವೀಲ್ ಇಷ್ಟೇ ಇರಲಿ. ಬೆರಳಲ್ಲಿ ಸುತ್ತಿ ಬಿಡಿ. ನಿಧಾನವಾಗುತ್ತಾ ಬಂದು, ಕ್ರ್ಯಾಂಕ್ ಪಿನ್ ಇರುವ ಭಾರದ ಕಡೆಗೆ ಒಂದೆರಡು ಸಲ ಹಿಂದೆ ಮುಂದೆ ತೂಗಿ ನಿಲ್ಲಬೇಕು. ತಟ್ಟನೆ ನಿಂತರೆ ಬೇರಿಂಗ್‌ನಲ್ಲೇ ತೊಂದರೆ. ಶಾಫ್ಟ್ ನೇರವಾಗಿ 6 ಮಿ.ಮೀ. ಅಲ್ಯೂಮಿನಿಯಂನಲ್ಲೇ ತಿರುಗುತ್ತಿದ್ದರೆ ಆ ಉದ್ದ ಸಾಲದು, ಬೇಗ ಸವೆದು ಓಲಾಡುತ್ತದೆ. 12ರಿಂದ 15 ಮಿ.ಮೀ. ಉದ್ದದ ಹಿತ್ತಾಳೆ ಅಥವಾ ಗನ್‌ಮೆಟಲ್ (ಒಂದು ಬಗೆಯ ಕಂಚು) ಬುಷ್ ಕೂರಿಸಿ, ಕೂರಿಸಿದ ಮೇಲೆ ಇನ್ನೊಮ್ಮೆ ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಹತ್ಯಾರು) ಹಾಯಿಸಿ. ಒತ್ತಿ ಕೂರಿಸಿದ ಬುಷ್‌ನ ರಂಧ್ರ ಕಿರಿದಾಗುತ್ತದೆ. ಶಾಫ್ಟ್‌ಗೂ ಬುಷ್‌ಗೂ 0.02ರಿಂದ 0.03 ಮಿ.ಮೀ. ಸಡಿಲ ಇರಲಿ.

ಆಮೇಲೆ ಪಿಸ್ಟನ್, ಸಿಲಿಂಡರ್ ಎರಡನ್ನೇ ಕೈಯಲ್ಲಿ ಹಿಡಿದು ನೋಡಿ. ಎಣ್ಣೆ ಒರೆಸಿ ಒಣಗಿಸಿ. ಸಿಲಿಂಡರಿನ ತೆರೆದ ಬಾಯಿ ಮೇಲಕ್ಕೆ ಇರುವಂತೆ ನಿಲ್ಲಿಸಿದರೆ ಪಿಸ್ಟನ್ ತನ್ನ ಭಾರಕ್ಕೇ ಕೆಳಗಿಳಿಯಬೇಕು. ಪೋರ್ಟನ್ನು ಬೆರಳಿಂದ ಮುಚ್ಚಿದರೆ ತಡೆದು, ತೀರಾ ನಿಧಾನವಾಗಿ ಇಳಿಯಬೇಕು. ಎರಡೂ ಆದರೆ ಅಳತೆ ಸರಿಯಿದೆ. 10 ಮಿ.ಮೀ.ನ, ಎಚ್7 ಎಂಬ ನಿಖರತೆಯ ದರ್ಜೆಯ ರೀಮರ್ ಹಾಕಿದ ಬೋರ್ 10.000ರಿಂದ 10.015ರೊಳಗೆ ಬರುತ್ತದೆ, ಪಿಸ್ಟನ್ 9.98 ಇದ್ದರೆ ಒಳ್ಳೆಯದು. ಬಿಗಿ ಇದ್ದರೆ ಪಿಸ್ಟನ್ನನ್ನು ಲೇತ್‌ನಲ್ಲಿ ಹಿಡಿದು, ಸಪಾಟು ಪಟ್ಟಿಗೆ 1000 ನಂಬರಿನ ವಾಟರ್ ಪೇಪರ್ ಸುತ್ತಿ ಎಣ್ಣೆ ಹಾಕಿ ಉಜ್ಜಿ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಪಿಸ್ಟನ್ನನ್ನೇ ಸಿಲಿಂಡರಿನೊಳಗೆ ಆಡಿಸುವುದು ಮಾತ್ರ ಬೇಡವೇ ಬೇಡ: ಪೇಸ್ಟಿನ ಹರಳು ಮೆತ್ತನೆಯ ಹಿತ್ತಾಳೆಯಲ್ಲಿ ಹೂತುಕೊಂಡು ಎಂಜಿನ್ ಇರುವವರೆಗೂ ಪಿಸ್ಟನ್ನನ್ನು ತಿನ್ನುತ್ತಿರುತ್ತದೆ.

ಮೂರನೆಯದಾಗಿ, ಸ್ಪ್ರಿಂಗ್ ಇಲ್ಲದೆ ಎಲ್ಲವನ್ನೂ ಜೋಡಿಸಿ, ಫ್ಲೈವೀಲ್ ನಿಧಾನಕ್ಕೆ ತಿರುಗಿಸಿ. ಬಿಗಿ ಎಲ್ಲಿ ಬರುತ್ತದೆ ಎಂಬುದೇ ಕಾರಣವನ್ನು ಹೇಳಿಬಿಡುತ್ತದೆ. ಪಿಸ್ಟನ್ ಪೂರ್ತಿ ಒಳಗಿರುವ ಒಂದೇ ಕಡೆ ತಟ್ಟನೆ ತಡೆದರೆ ಅದು ಸಿಲಿಂಡರಿನ ಮುಚ್ಚಳಕ್ಕೆ ಬಡಿಯುತ್ತಿದೆ. ಎರಡೂ ಡೆಡ್ ಸೆಂಟರ್‌ಗಳಲ್ಲಿ (ಪಿಸ್ಟನ್ ಪೂರ್ತಿ ಒಳಗೋ ಪೂರ್ತಿ ಹೊರಗೋ ಇರುವ ಸ್ಥಾನಗಳಲ್ಲಿ) ಮೆಲ್ಲನೆ ಬಿಗಿಯಾದರೆ ಕ್ರ್ಯಾಂಕ್ ಪಿನ್ ಡಿಸ್ಕಿನ ಕೇಂದ್ರದ ಕಡೆಗೋ ಅಂಚಿನ ಕಡೆಗೋ ವಾಲಿದೆ. ಆ ಎರಡು ಸ್ಥಾನಗಳಲ್ಲಿ ಪಿನ್ನಿನ ವಾಲು ಪಿಸ್ಟನ್ ರಾಡ್‌ನ ನೇರಕ್ಕೇ ಬರುವುದರಿಂದ ರಾಡನ್ನು ಡಿಸ್ಕ್ ಕಡೆಗೆ ಅಥವಾ ಹೊರಗೆ ಓರೆ ಮಾಡುತ್ತದೆ, ರಾಡ್ ಸಿಲಿಂಡರನ್ನು ಎತ್ತುತ್ತದೆ, ಪೋರ್ಟ್ ಮುಖ ಬಾಯಿ ಬಿಡುತ್ತದೆ. ಸ್ಟ್ರೋಕಿನ ನಡುವೆ ಎರಡು ಕಡೆ ಬಿಗಿಯಾದರೆ ಪಿನ್ ಸುತ್ತುವ ದಿಕ್ಕಿಗೆ ವಾಲಿದೆ. ಎಲ್ಲ ಕಡೆಯೂ ಒಂದೇ ಸಮ ಬಿಗಿ ಇದ್ದರೆ ಸಿಲಿಂಡರಿನ ಬೋರ್ ಪೋರ್ಟ್ ಮುಖಕ್ಕೆ ಸಮಾಂತರವಾಗಿಲ್ಲ. ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಕ್ರ್ಯಾಂಕ್ ಪಿನ್ ಮೇಲೆಯೇ.

ಪಿನ್ನನ್ನು ಬಗ್ಗಿಸಿ ನೇರ ಮಾಡಲು ಹೋಗಬೇಡಿ. ಥ್ರೆಡ್ ಹಾಕಿ ಕೂರಿಸಿದ ಪಿನ್ ಲಂಬವಾಗಿ ನಿಲ್ಲುತ್ತದೆ ಎಂಬ ಖಾತ್ರಿ ಎಂದೂ ಇಲ್ಲ. ಕೈಯಲ್ಲಿ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಹತ್ಯಾರು) ಹಾಕಿದ್ದರಂತೂ ಕೇಳುವುದೇ ಬೇಡ. ಡಿಸ್ಕ್ ಹೊಸದಾಗಿ ಮಾಡಿ. ಶಾಫ್ಟ್ ರಂಧ್ರವನ್ನೂ ಪಿನ್ ರಂಧ್ರವನ್ನೂ ಡ್ರಿಲ್ಲಿಂಗ್ ಮೆಷಿನ್‌ನಲ್ಲಿ ಡಿಸ್ಕನ್ನು ಅದೇ ಮೇಜಿನ ಮೇಲೆ ಅದೇ ಮುಖ ಕೆಳಗಾಗಿಟ್ಟು ಕೊರೆಯಿರಿ, ಆಗ ಎರಡೂ ಸಮಾಂತರವಾಗುತ್ತವೆ. ಎರಡಕ್ಕೂ ರೀಮರ್ ಹಾಕಿ, ಥ್ರೆಡ್ ಇಲ್ಲದ ಸಾದಾ 4 ಮಿ.ಮೀ. ಪಿನ್ನನ್ನು ರಿಟೇನಿಂಗ್ ಅಂಟಿನಿಂದ (ಲೋಹದ ಪಿನ್ನನ್ನು ರಂಧ್ರದಲ್ಲಿ ಹಿಡಿಸುವ ಅಂಟು) ಕೂರಿಸಿ. ರಾಡ್‌ನ ತುದಿಯ ರಂಧ್ರ 4.1 ಮಿ.ಮೀ. ಇರಲಿ, ಅದರ ಎರಡು ಬಾಯಿಯನ್ನೂ ಸ್ವಲ್ಪ ಅಗಲಿಸಿ. ಪಿನ್ನಿನ ಉದ್ದಕ್ಕೆ 0.3ರಿಂದ 0.5 ಮಿ.ಮೀ. ಓಡಾಟ ಬೇಕು. ಇಷ್ಟು ಸಡಿಲ ಕಂಡು ಗಾಬರಿಯಾಗಬೇಡಿ. ಈ ಮಾದರಿಯ ಎಂಜಿನ್‌ನಲ್ಲಿ ಸಿಲಿಂಡರ್ ಪೋರ್ಟ್ ಮುಖಕ್ಕೆ ತಾನಾಗಿ ಕೂರಬೇಕು, ಉಳಿದದ್ದೆಲ್ಲ ಅದಕ್ಕೆ ದಾರಿ ಬಿಡಬೇಕು.

ಪೋರ್ಟ್ ಮುಖ

ಕ್ರ್ಯಾಂಕ್‌ನಿಂದ ಬಿಡಿಸಿದ ಸಿಲಿಂಡರನ್ನು ಸ್ಪ್ರಿಂಗ್ ಸಮೇತ ಪಿವಟ್‌ಗೆ ಹಾಕಿ, ಹಿಂದೆ ಟಾರ್ಚ್ ಹಿಡಿದು ಮುಖಗಳ ನಡುವೆ ನೋಡಿ. ಬೆಳಕು ಯಾವ ಅಂಚಿನಲ್ಲಿ ಕಾಣುತ್ತದೆ ಎಂದು ಗುರುತು ಹಾಕಿಕೊಳ್ಳಿ. ಈಗ ಸಿಲಿಂಡರನ್ನು ಪಿವಟ್ ಮೇಲೆ 180 ಡಿಗ್ರಿ ತಿರುಗಿಸಿ. ಬೆಳಕಿನ ಸಂದು ಸಿಲಿಂಡರಿನ ಜೊತೆಗೇ ತಿರುಗಿದರೆ ದೋಷ ಸಿಲಿಂಡರಿನಲ್ಲಿ, ಅಂದರೆ ಪಿವಟ್ ಪಿನ್ ಓರೆ ಅಥವಾ ಅದರ ಮುಖ ಉಬ್ಬು. ಸಂದು ನಿಲುಗಂಬದ ಅದೇ ಕಡೆ ಉಳಿದರೆ ರಂಧ್ರ ಓರೆ ಅಥವಾ ನಿಲುಗಂಬದ ಮುಖ ಸಪಾಟಿಲ್ಲ.

ಸಿಲಿಂಡರಿನ ಮುಖದಲ್ಲಿ ಮೊದಲು ನೋಡಬೇಕಾದದ್ದು ಟ್ಯಾಪ್ ಹಾಕಿದ ಪಿವಟ್ ರಂಧ್ರದ ಬಾಯಿ. ಟ್ಯಾಪ್ ಹಾಕುವಾಗ ಅಲ್ಲಿ ಲೋಹ ಉಬ್ಬುತ್ತದೆ. ಕಣ್ಣಿಗೆ ಕಾಣದಿದ್ದರೂ ಇಡೀ ಸಿಲಿಂಡರ್ ಆ ಉಬ್ಬಿನ ಮೇಲೆ ಕೂತು ಓಲಾಡುತ್ತದೆ. ಕೌಂಟರ್‌ಸಿಂಕ್‌ನಿಂದ ಅರ್ಧ ಮಿ.ಮೀ. ಆಳಕ್ಕೆ ಬಾಯಿ ತೆಗೆಯಿರಿ. ಇನ್ನೂ ಒಳ್ಳೆಯ ಕೆಲಸ ಎಂದರೆ ಪಿವಟ್ ಸುತ್ತ 12 ಮಿ.ಮೀ. ವ್ಯಾಸಕ್ಕೆ 0.3 ಮಿ.ಮೀ. ತಗ್ಗು ತೆಗೆಯುವುದು. ಆಗ ಸಿಲಿಂಡರ್ ಪೋರ್ಟ್ ಇರುವ ಪಟ್ಟಿಯ ಮೇಲೂ ಎದುರಿನ ಅಂಚಿನ ಮೇಲೂ ಮಾತ್ರ ಕೂರುತ್ತದೆ. ಪೋರ್ಟ್‌ನ ಒಳ ಅಂಚು ಪಿವಟ್‌ನಿಂದ 10.75 ಮಿ.ಮೀ. ದೂರದಲ್ಲಿದೆ, ಆದ್ದರಿಂದ ತಗ್ಗಿನಿಂದ ಪೋರ್ಟ್‌ಗೆ 4.75 ಮಿ.ಮೀ. ಮುಖ ಉಳಿಯುತ್ತದೆ, ಸೋರುವ ಭಯವಿಲ್ಲ.

ಪಿವಟ್ ಪಿನ್ 1 ಡಿಗ್ರಿ ವಾಲಿದರೆ 12 ಮಿ.ಮೀ. ದೂರದ ಪೋರ್ಟ್ ಹತ್ತಿರ 0.2 ಮಿ.ಮೀ. ಸಂದು ಬೀಳುತ್ತದೆ. ಸರಿ ಮಾಡಲು ಪಿನ್ ಬದಲಿಸುವ ಮೊದಲು ಒಂದು ಸುಲಭದ ಉಪಾಯ ಇದೆ. ನಿಲುಗಂಬದ ಪಿವಟ್ ರಂಧ್ರಕ್ಕೆ 3.1 ಮಿ.ಮೀ. ಡ್ರಿಲ್ ಹಾಯಿಸಿ. 3 ಮಿ.ಮೀ. ಪಿನ್ 6 ಮಿ.ಮೀ. ದಪ್ಪದಲ್ಲಿ ಆಗ ಸುಮಾರು 1 ಡಿಗ್ರಿ ಓರೆಯಾಗಬಲ್ಲದು. ಹಿಂಬದಿಯಿಂದ 5 ಮಿ.ಮೀ. ಡ್ರಿಲ್‌ನಿಂದ ಅರ್ಧ ದಪ್ಪದವರೆಗೆ ಕೊರೆದು ರಂಧ್ರದ ಉದ್ದವನ್ನು 3 ಮಿ.ಮೀ.ಗೆ ಇಳಿಸಿದರೆ 1.9 ಡಿಗ್ರಿಯವರೆಗೂ ಹೊಂದಿಕೊಳ್ಳುತ್ತದೆ. ಪೋರ್ಟ್ ಸ್ಥಾನ ಇದರಿಂದ 0.05 ಮಿ.ಮೀ. ಆಚೀಚೆ ಆಗಬಹುದು, ಅದು ಲೆಕ್ಕಕ್ಕಿಲ್ಲ. ಸ್ಪ್ರಿಂಗ್‌ನ ಎರಡು ತುದಿಯೂ ಸಪಾಟಾಗಿರಬೇಕು, ಎರಡೂ ಕಡೆ ವಾಷರ್ ಇರಬೇಕು. ಕತ್ತರಿಸಿದ ಸ್ಪ್ರಿಂಗ್‌ನ ಚೂಪು ತುದಿ ಒಂದೇ ಕಡೆ ಒತ್ತಿ ಪಿನ್ನನ್ನು ಓರೆ ಮಾಡುತ್ತದೆ. ರೀಮರ್ ಹಾಕಿ ನಿಖರ ಮಾಡಿದ ಪಿವಟ್ ರಂಧ್ರದಲ್ಲಿ ಪಿನ್‌ಗೆ ಹೊಂದಿಕೊಳ್ಳಲು ಜಾಗವೇ ಇರುವುದಿಲ್ಲ, ಹೊಸಬರ ಎಂಜಿನ್‌ನಲ್ಲಿ ಅದೇ ಸೋರಿಕೆಗೆ ಕಾರಣವಾಗುವುದು ಹೀಗೆ.

ಇದಾದ ಮೇಲೆ ಮುಖ ಉಜ್ಜುವುದು. ಪಿವಟ್ ಪಿನ್ ಬಿಚ್ಚಿ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ನೀರಿನಲ್ಲಿ ಅಂಟಿಸಿ, ಒಂದು ಹನಿ ಸೋಪು ನೀರು ಹಾಕಿ, ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. ಸಿಲಿಂಡರನ್ನು ಮೇಲ್ತುದಿಯಲ್ಲಿ ಹಿಡಿಯದೆ ಮುಖಕ್ಕೆ ಆದಷ್ಟು ಹತ್ತಿರ ಹಿಡಿಯಿರಿ, ಇಲ್ಲದಿದ್ದರೆ ಅಂಚುಗಳು ದುಂಡಗಾಗುತ್ತವೆ. ಮೊದಲೇ ಮುಖದ ಮೇಲೆ ಮಾರ್ಕರ್ ಪೆನ್ನಿನಿಂದ ಅಡ್ಡಡ್ಡ ಗೆರೆ ಎಳೆದಿರಿ. ಗೆರೆಗಳೆಲ್ಲ ಒಟ್ಟಿಗೇ ಅಳಿದಾಗ ಸಪಾಟಾಗಿದೆ ಎಂದರ್ಥ. ಆಮೇಲೆ 600, ಕೊನೆಗೆ 1000. ನಿಲುಗಂಬದ ಮುಖಕ್ಕೂ ಹೀಗೇ. ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ, ನಂತರ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ, ಪೋರ್ಟ್ ರಂಧ್ರಗಳ ಒಳಗೂ ಸಹ.

ಪೋರ್ಟ್‌ಗಳು ಇರಬೇಕಾದ ಜಾಗ

ಕ್ರ್ಯಾಂಕ್ ತ್ರಿಜ್ಯ 10, ಪಿವಟ್ ದೂರ 40 ಆದ್ದರಿಂದ ತೂಗುವ ಕೋನ 14.48 ಡಿಗ್ರಿ. 12 ಮಿ.ಮೀ. ದೂರದ ಸಿಲಿಂಡರ್ ಪೋರ್ಟ್ ಮಧ್ಯರೇಖೆಯಿಂದ ಎರಡೂ ಕಡೆಗೆ 3.0 ಮಿ.ಮೀ. ಸರಿಯುತ್ತದೆ. ನಿಲುಗಂಬದ ಎರಡು ಪೋರ್ಟ್‌ಗಳು ಅಲ್ಲೇ ಇರಬೇಕು, ಕೇಂದ್ರದಿಂದ ಕೇಂದ್ರಕ್ಕೆ 6.0 ಮಿ.ಮೀ. ಹಲವರು ಎಡವುವುದು ಎತ್ತರದಲ್ಲಿ: ಪೋರ್ಟ್ ಚಲಿಸುವುದು ಕಮಾನಿನಲ್ಲಿ, ಹಾಗಾಗಿ ಆ ಎರಡು ರಂಧ್ರಗಳು ಪಿವಟ್‌ನಿಂದ ನೇರ ಎತ್ತರದಲ್ಲಿ 12 ಅಲ್ಲ, 11.62 ಮಿ.ಮೀ.ನಲ್ಲಿ ಬರುತ್ತವೆ. 12ರಲ್ಲೇ ಕೊರೆದಿದ್ದರೆ ರಂಧ್ರಗಳು 0.38 ಮಿ.ಮೀ. ತಪ್ಪಿ ಪೂರ್ತಿ ತೆರೆಯುವುದಿಲ್ಲ.

ರಂಧ್ರದ ಅಳತೆ 2.5 ಮಿ.ಮೀ. ಆದರೆ ಡೆಡ್ ಸೆಂಟರ್‌ನಲ್ಲಿ ಅಂಚಿನಿಂದ ಅಂಚಿಗೆ 0.5 ಮಿ.ಮೀ. ಮುಚ್ಚಿರುತ್ತದೆ. ಪಿಸ್ಟನ್ ಒಳಗಿರುವ ಡೆಡ್ ಸೆಂಟರ್‌ನಿಂದ ಕ್ರ್ಯಾಂಕ್ 7 ಡಿಗ್ರಿ ಸರಿದಾಗ ಪೋರ್ಟ್ ತೆರೆಯುತ್ತದೆ, ಹೊರಗಿನ ಡೆಡ್ ಸೆಂಟರ್‌ಗೆ 12 ಡಿಗ್ರಿ ಮೊದಲೇ ಮುಚ್ಚುತ್ತದೆ. ಇದು ಒಳ್ಳೆಯ ಹೊಂದಾಣಿಕೆ. 2 ಮಿ.ಮೀ. ರಂಧ್ರ ಕೊರೆದಿದ್ದರೆ ಇವು ಸುಮಾರು 15 ಮತ್ತು 24 ಡಿಗ್ರಿ ಆಗುತ್ತವೆ. ಹೊರಹೋಗಬೇಕಾದ ಗಾಳಿ ಒಳಗೇ ಸಿಕ್ಕಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. 3 ಮಿ.ಮೀ.ಗಿಂತ ದೊಡ್ಡದಾದರೆ ಡೆಡ್ ಸೆಂಟರ್‌ನಲ್ಲಿ ಒಳಪೋರ್ಟ್‌ನಿಂದ ಹೊರಪೋರ್ಟ್‌ಗೆ ಗಾಳಿ ನೇರ ಹಾದುಹೋಗುತ್ತದೆ. ಪರೀಕ್ಷೆಗೆ ಕ್ರ್ಯಾಂಕನ್ನು ಡೆಡ್ ಸೆಂಟರ್‌ನಲ್ಲಿ ಹಿಡಿದು ಒಳನಳಿಕೆಗೆ ಊದಿ. ಎಲ್ಲಿಂದಲೂ ಗಾಳಿ ಬರಕೂಡದು.

ರಂಧ್ರಗಳ ಸ್ಥಾನ ನೋಡಲು ವರ್ನಿಯರ್‌ಗಿಂತ ಒಂದು ಪಟ್ಟಿಯ ಜಿಗ್ (ರಂಧ್ರಗಳ ಜಾಗ ತೋರಿಸುವ ಅಚ್ಚು) ಮೇಲು. 3 ಮಿ.ಮೀ. ದಪ್ಪ, 75 ಮಿ.ಮೀ. ಉದ್ದದ ಉಕ್ಕಿನ ಪಟ್ಟಿಯಲ್ಲಿ ಒಂದೇ ನೇರಕ್ಕೆ 3 ಮಿ.ಮೀ. ಪಿವಟ್ ರಂಧ್ರ, ಅದರ ಒಂದು ಕಡೆ 12 ಮಿ.ಮೀ. ದೂರದಲ್ಲಿ 2.5 ಮಿ.ಮೀ. ರಂಧ್ರ, ಇನ್ನೊಂದು ಕಡೆ 27ರಿಂದ 53 ಮಿ.ಮೀ.ವರೆಗೆ ಕ್ರ್ಯಾಂಕ್ ಪಿನ್ ಸರಿಯಾಗಿ ಹಿಡಿಯುವ 4 ಮಿ.ಮೀ. ಸೀಳು. ಪಟ್ಟಿಯನ್ನು ಪಿವಟ್‌ಗೂ ಕ್ರ್ಯಾಂಕ್ ಪಿನ್‌ಗೂ ತೊಡಿಸಿ, ಕ್ರ್ಯಾಂಕ್ ತಿರುಗಿಸಿ ಪಟ್ಟಿ ಒಂದು ಕಡೆಗೆ ಎಷ್ಟು ವಾಲುತ್ತದೋ ಅಷ್ಟು ವಾಲಿಸಿ. ಒಳಗಿನ ಡೆಡ್ ಸೆಂಟರ್‌ನಿಂದ 75.5 ಡಿಗ್ರಿಯಲ್ಲಿ ಅದು ಬರುತ್ತದೆ, 90ರಲ್ಲಿ ಅಲ್ಲ. ಅಲ್ಲಿ 2.5 ಮಿ.ಮೀ. ಡ್ರಿಲ್‌ನ ಹಿಂಬದಿ ರಂಧ್ರದ ಮೂಲಕ ಪೋರ್ಟ್‌ಗೆ ತಾನಾಗಿ ಇಳಿಯಬೇಕು, ಎರಡೂ ಕಡೆ. ಇಳಿಯದಿದ್ದರೆ ಹಳೆಯ ರಂಧ್ರಗಳ ಜೊತೆ ಗುದ್ದಾಡಬೇಡಿ. 3 ಮಿ.ಮೀ. ಹಿತ್ತಾಳೆ ತಗಡಿನಲ್ಲಿ ಹೊಸ ಪೋರ್ಟ್ ಪ್ಲೇಟ್ ಮಾಡಿ ನಿಲುಗಂಬದ ಮೇಲೆ ಸ್ಕ್ರೂ ಹಾಕಿ ಕೂರಿಸಿ, ಒಳ-ಹೊರ ನಳಿಕೆಗಳನ್ನು ಅದರ ಹಿಂಬದಿಗೇ ಜೋಡಿಸಿ, ಇದೇ ಜಿಗ್ ಇಟ್ಟು ಕೊರೆಯಿರಿ. ಪ್ಲೇಟಿನ ದಪ್ಪದಷ್ಟು ಕ್ರ್ಯಾಂಕ್ ಡಿಸ್ಕನ್ನೂ ಹೊರಗೆ ಸರಿಸಬೇಕಾಗುತ್ತದೆ, ಮರೆಯಬೇಡಿ. ನಿಮ್ಮ ನಿಲುಗಂಬ ಅಲ್ಯೂಮಿನಿಯಂ ಆಗಿರುವುದರಿಂದ ಉಗಿಗೆ ಹೇಗೂ ಈ ಪ್ಲೇಟ್ ಬೇಕೇ ಬೇಕು. ಬಿಸಿನೀರು, ಉಗಿಯ ನಡುವೆ ಅಲ್ಯೂಮಿನಿಯಂ ಮುಖ ಗೀರು ಬಿದ್ದು ಕೆಡುತ್ತದೆ.

ಇನ್ನೊಂದು ಸುಲಭ ಪರೀಕ್ಷೆ: ಒಳನಳಿಕೆ, ಹೊರನಳಿಕೆ ಅದಲುಬದಲು ಮಾಡಿದರೆ ಎಂಜಿನ್ ಉಲ್ಟಾ ತಿರುಗಬೇಕು, ಅಷ್ಟೇ ಹುರುಪಿನಿಂದ. ಒಂದು ದಿಕ್ಕಿಗೆ ಚುರುಕು, ಇನ್ನೊಂದಕ್ಕೆ ಸೋಮಾರಿ ಆದರೆ ಒಂದು ಪೋರ್ಟ್ ಜಾಗ ತಪ್ಪಿದೆ ಅಥವಾ ಅಡ್ಡ ಕೊರೆದ ದಾರಿಯಲ್ಲಿ ಲೋಹದ ಸಿಪ್ಪೆ ಸಿಕ್ಕಿಕೊಂಡಿದೆ.

ಅರ್ಧ ನಿಮಿಷಕ್ಕೆ ನಿಲ್ಲುವುದೇಕೆ

ಸಿಲಿಂಡರ್ ತೂಗಾಡಿದಂತೆಲ್ಲ ಪಿವಟ್ ಪಿನ್ನೂ ಅದರ ಜೊತೆ ಆಡುತ್ತದೆ, ಸ್ಪ್ರಿಂಗ್ ಮತ್ತು ನಟ್ ಹಿಂದೆ ಉಳಿಯುತ್ತವೆ. ಒಂಟಿ ನಟ್ ಹೀಗೆ ತಾನಾಗಿಯೇ ಬಿಗಿಯಾಗುತ್ತಲೋ ಸಡಿಲಾಗುತ್ತಲೋ ಹೋಗುತ್ತದೆ. ಓಡಿಸುವ ಮೊದಲು ನಟ್ ಮೇಲೆ ಮಾರ್ಕರ್ ಗೆರೆ ಎಳೆದು, ನಿಂತ ಮೇಲೆ ನೋಡಿ. ಸರಿದಿದ್ದರೆ ಎರಡು ನಟ್ ಒಂದಕ್ಕೊಂದು ಬಿಗಿಯಿರಿ ಅಥವಾ ನೈಲಾನ್ ನಟ್ ಹಾಕಿ. ಪಿನ್ ಸಿಲಿಂಡರಿನೊಳಗೆ ಬಿಚ್ಚಿಕೊಳ್ಳದಂತೆ ಥ್ರೆಡ್‌ಗೆ ಲಾಕಿಂಗ್ ಅಂಟು ಒಂದು ಹನಿ. ನಟ್ ಸರಿದಿಲ್ಲ ಎಂದರೆ ಎಣ್ಣೆಯ ಕಡೆ ನೋಡಿ: 2 ಬಾರ್ ಗಾಳಿ ಸೋರುವ ಮುಖದಿಂದ ಎಣ್ಣೆಯನ್ನು ಅರ್ಧ ನಿಮಿಷದಲ್ಲಿ ಹಾರಿಸಿಬಿಡುತ್ತದೆ.

ಫ್ಲೈವೀಲ್ ಬಗ್ಗೆ ನೀವು ಏನೂ ಹೇಳಿಲ್ಲ. ಸಿಂಗಲ್ ಆಕ್ಟಿಂಗ್ ಎಂಜಿನ್‌ಗೆ ಅರ್ಧ ಸುತ್ತು ಮಾತ್ರ ಬಲ ಸಿಗುತ್ತದೆ, ಉಳಿದರ್ಧ ಫ್ಲೈವೀಲ್ ಎಳೆಯಬೇಕು. 50 ಮಿ.ಮೀ. ವ್ಯಾಸ, 12 ಮಿ.ಮೀ. ದಪ್ಪದ ಉಕ್ಕಿನದಾದರೆ 185 ಗ್ರಾಂ ತೂಗುತ್ತದೆ, ಸಾಕು. ಅಲ್ಯೂಮಿನಿಯಂನದು ಬೇಡ. ಫ್ಲೈವೀಲನ್ನು ಶಾಫ್ಟ್‌ಗೆ ಹಿಡಿಸುವ ಗ್ರಬ್ ಸ್ಕ್ರೂ ಕೂರುವ ಕಡೆ ಶಾಫ್ಟ್‌ನಲ್ಲಿ ಅರದಿಂದ ಸಣ್ಣ ಚಪ್ಪಟೆ ಮಾಡಿಕೊಳ್ಳಿ.

ಉಗಿ ಯಾವಾಗ

ತೆಳು ಮೆಷಿನ್ ಎಣ್ಣೆ ಹಾಕಿ, ರೆಗ್ಯುಲೇಟರ್ ಮೂಲಕ 0.3 ಬಾರ್‌ನಲ್ಲಿ ಎರಡೂ ದಿಕ್ಕಿಗೆ ಹತ್ತು ಹತ್ತು ನಿಮಿಷ ನಿಲ್ಲದೆ ಓಡಿದರೆ ಉಗಿಗೆ ಸಿದ್ಧ. ರೆಗ್ಯುಲೇಟರ್ ಇಲ್ಲದೆ ಕಂಪ್ರೆಸರ್ ಟ್ಯಾಂಕನ್ನು ಎಂಜಿನ್‌ಗೆ ನೇರ ಜೋಡಿಸಬೇಡಿ. ಅಲ್ಲಿ 8 ಬಾರ್‌ವರೆಗೂ ಇರಬಹುದು. ಉಗಿಗೆ ತೆಳು ಎಣ್ಣೆ ನಡೆಯುವುದಿಲ್ಲ, ತಣಿದ ನೀರು ಅದನ್ನು ತೊಳೆದುಬಿಡುತ್ತದೆ. ಸ್ಟೀಮ್ ಸಿಲಿಂಡರ್ ಎಣ್ಣೆ ಎಂದೇ ಮಾರುವ ದಪ್ಪ ಎಣ್ಣೆ ತನ್ನಿ.

ಹಿತ್ತಾಳೆ ಸಿಲಿಂಡರಿಗೆ ಸ್ಟೀಲ್ ಪಿಸ್ಟನ್ ಒಳ್ಳೆಯ ಜೋಡಿ. ಕಾದಾಗ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ಪಿಸ್ಟನ್ ಸಿಕ್ಕಿಕೊಳ್ಳುವುದಿಲ್ಲ. ಮುಂದೆ ಎಂದಾದರೂ ಎರಕದ ಕಬ್ಬಿಣದ ಸಿಲಿಂಡರಿಗೆ ಅಲ್ಯೂಮಿನಿಯಂ ಪಿಸ್ಟನ್ ಹಾಕುವ ಯೋಚನೆ ಬಂದರೆ, 80 ಡಿಗ್ರಿ ಬಿಸಿ ಏರಿದಾಗ 10 ಮಿ.ಮೀ. ಅಳತೆಯಲ್ಲಿ 0.01 ಮಿ.ಮೀ. ಸಡಿಲ ಕರಗಿಹೋಗುತ್ತದೆ ಎಂಬುದು ನೆನಪಿರಲಿ.

ಬಾಯ್ಲರ್ ತಾಮ್ರದ್ದೇ ಇರಲಿ, ಕೀಲುಗಳು ಬೆಳ್ಳಿ ಬೆಸುಗೆಯವೇ ಇರಲಿ. 2 ಬಾರ್ ಗೇಜ್ ಒತ್ತಡದಲ್ಲಿ ಉಗಿ 133 ಡಿಗ್ರಿ ಇರುತ್ತದೆ. ಸೀಸ-ತವರದ ಬೆಸುಗೆ 183 ಡಿಗ್ರಿಗೇ ಕರಗಲು ತೊಡಗುತ್ತದೆ. ನೀರು ಆರಿದ ಬಾಯ್ಲರ್ ಉರಿಯ ಮೇಲೆ ಆ ಬಿಸಿಯನ್ನು ಬೇಗನೆ ದಾಟುತ್ತದೆ. ಸೇಫ್ಟಿ ವಾಲ್ವ್ ಇಲ್ಲದೆ ಉರಿ ಹಚ್ಚಬೇಡಿ. ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡರಷ್ಟಕ್ಕೆ ತಣ್ಣೀರು ತುಂಬಿ ಪರೀಕ್ಷಿಸಿ, ಗಾಳಿಯಿಂದ ಎಂದೂ ಬೇಡ: ನೀರು ತುಂಬಿದ್ದು ಒಡೆದರೆ ಚಿಮ್ಮಿ ನಿಲ್ಲುತ್ತದೆ, ಗಾಳಿ ತುಂಬಿದ್ದು ಸಿಡಿಯುತ್ತದೆ.

ಮೊದಲ ಸಲ ಉಗಿ ಬಿಟ್ಟಾಗ ತಣ್ಣಗಿನ ಸಿಲಿಂಡರಿನಲ್ಲಿ ಉಗಿ ನೀರಾಗುತ್ತದೆ, ಎಂಜಿನ್ ತಿರುಗುವುದಿಲ್ಲ. ಫ್ಲೈವೀಲನ್ನು ಕೈಯಿಂದ ಮೆಲ್ಲನೆ ಆಡಿಸುತ್ತಾ ಬನ್ನಿ, ಸಿಲಿಂಡರ್ ಮುಖದಿಂದ ಸರಿದು ನೀರು ಹೊರಬೀಳುತ್ತದೆ. ಬಿಸಿಯಾದಂತೆ ತಾನಾಗಿ ಹಿಡಿಯುತ್ತದೆ. ನಿಲ್ಲಿಸಿದ ಮೇಲೆ ಎಂಜಿನ್ ಬಿಸಿಯಿರುವಾಗಲೇ ಒಳನಳಿಕೆಗೆ ನಾಲ್ಕು ಹನಿ ಎಣ್ಣೆ ಹಾಕಿ ಹತ್ತು ಸುತ್ತು ತಿರುಗಿಸಿಡಿ, ಶಾಫ್ಟ್‌ಗೂ ಕ್ರ್ಯಾಂಕ್ ಪಿನ್‌ಗೂ ಒಂದೊಂದು ಹನಿ. ಹಾಗೇ ಬಿಟ್ಟರೆ ಸ್ಟೇನ್‌ಲೆಸ್ ಪಿಸ್ಟನ್‌ಗೆ ಏನೂ ಆಗದಿದ್ದರೂ ಮೈಲ್ಡ್ ಸ್ಟೀಲ್ ಶಾಫ್ಟ್ ಬುಷ್‌ನೊಳಗೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ.